ಧೈರ್ಯ ಹೇಳೋದಕ್ಕೂ ಲಾಯರ್ ಬೇಕಾ?

ನಮ್ಮ ಕ್ಯಾಲಿಫೋರ್ನಿಯಾದ ಬೇ ಏರಿಯಾ ಕನ್ನಡಿಗರ ವಾಟ್ಸಾಪ್ ಗ್ರೂಪ್‌ನಲ್ಲಿ ಈಗಷ್ಟೇ ಒಂದು ಮೆಸೇಜ್ ಮಾಯವಾಯಿತು. ಎಚ್-1ಬಿ ವೀಸಾದ ಕೆಲಸ ಹೋದ ಹುಡುಗನೊಬ್ಬ, ಕೆಲಸ ಹೋದ ಮೇಲೂ ಇಲ್ಲಿರೋಕೆ ಸಿಗೋ 60 ದಿನದ ಗ್ರೇಸ್ ಪೀರಿಯಡ್ ಮುಗೀತಾ ಬಂತು ಅಂತ ಗೋಳು ತೋಡಿಕೊಂಡಿದ್ದ. ಹಿರಿಯರೊಬ್ಬರು, "ಗಾಬರಿ ಆಗ್ಬೇಡಪ್ಪ, ಮಗಳ ಸ್ಕೂಲ್ ಮುಗಿಯೋವರೆಗೂ ಇದ್ದುಬಿಡಿ, ಏನಾದ್ರೂ ದಾರಿ ಕಾಣುತ್ತೆ" ಅಂತ ಬರೆದರು. ಅಡ್ಮಿನ್ ಮಹಾಶಯರು ಓಡಿ ಬಂದು ಅಳಿಸಿ, "ಇಂಥದ್ದೆಲ್ಲ ಬರೀಬೇಡಿ, ಕೇಸ್ ಆಗುತ್ತೆ" ಅಂದರು.

ಮೈಯೆಲ್ಲಾ ಉರಿಯಿತು. ಅಡ್ಮಿನ್‌ಗಿಂತ ಜಾಸ್ತಿ ಸಿಟ್ಟು ಬಂದಿದ್ದು ಅವರನ್ನ ಹೀಗೆ ಹೆದರಿಸಿದ ಕಾನೂನಿನ ಮೇಲೆ.

ಅಮೆರಿಕದಲ್ಲಿ ವೀಸಾ ಮುಗಿದ ಮೇಲೂ ಉಳಿದುಕೊಳ್ಳೋದು ಸಿವಿಲ್ ತಪ್ಪು. ಗಡೀಪಾರು ಮಾಡಬಹುದು, ಅದೊಂದಕ್ಕೇ ಜೈಲಿಗೆ ಹಾಕುವ ಹಾಗಿಲ್ಲ. ಆದರೆ ಗೊತ್ತಿದ್ದೂ ಉಳಿಯೋಕೆ ಪ್ರೋತ್ಸಾಹ ಕೊಟ್ಟವರಿಗೆ 5 ವರ್ಷದವರೆಗೆ ಜೈಲು! ಉಳಿದವನದು ಸಿವಿಲ್, ಉಳಿ ಅಂದವರದು ಕ್ರಿಮಿನಲ್. ಎಂಥಾ ನ್ಯಾಯ ನೋಡಿ.

ಬರೀ ಪುಸ್ತಕದಲ್ಲಿರೋ ಮಾತಲ್ಲ ಇದು. ಬಾಸ್ಟನ್‌ನಲ್ಲಿ ಕಸ್ಟಮ್ಸ್‌ನ ದೊಡ್ಡ ಅಧಿಕಾರಿಯೊಬ್ಬರು ದಾಖಲೆಯಿಲ್ಲದೆ ಇಲ್ಲಿದ್ದ, ತಮ್ಮ ಮನೆ ಕ್ಲೀನ್ ಮಾಡೋ ಹೆಂಗಸಿಗೆ, ದೇಶ ಬಿಟ್ಟು ಹೋದರೆ ವಾಪಸ್ ಬರೋಕಾಗಲ್ಲ, ಹೋಗಬೇಡ ಅಂದರು. ಆ ಮಾತು ಗುಟ್ಟಾಗಿ ರೆಕಾರ್ಡ್ ಆಗುತ್ತಿತ್ತು. ಜ್ಯೂರಿ ಆ ಅಧಿಕಾರಿಯನ್ನೇ ತಪ್ಪಿತಸ್ಥೆ ಅಂದೇಬಿಟ್ಟಿತು. 2012ರಲ್ಲಿ ಜಡ್ಜ್ ಮರುವಿಚಾರಣೆಗೆ ಆದೇಶ ಕೊಟ್ಟರು, ನಿಜ. ಅಷ್ಟರಲ್ಲಿ ಆಕೆಯ ಮಾನ, ನೆಮ್ಮದಿ ಏನಾಗಿರಬೇಡ?

"2023ರಲ್ಲಿ ಸುಪ್ರೀಂ ಕೋರ್ಟ್ ಸರಿಮಾಡಿತಲ್ಲ" ಅಂತ ಕಾನೂನು ತಿಳಿದ ಗೆಳೆಯರು ಈಗ ಬರ್ತಾರೆ. ಬನ್ನಿ. 7-2ರ ತೀರ್ಪು. ಬೇಕಂತಲೇ ಕುಮ್ಮಕ್ಕು ಕೊಟ್ಟರೆ, ನೆರವಾದರೆ ಮಾತ್ರ ಅಪರಾಧ ಅಂತ ಅರ್ಥ ಮಾಡಿಕೊಳ್ಳಿ ಅಂದರು. ಆದರೆ ಕಾನೂನಿನ ಒಂದು ಅಕ್ಷರವೂ ಬದಲಾಗಲಿಲ್ಲ. ವೀಸಾ ಮುಗಿದ ಮೊಮ್ಮಗನಿಗೆ ಇಲ್ಲೇ ಇರು ಅನ್ನೋ ಅಜ್ಜಿಯೂ ಇದರಲ್ಲಿ ಸಿಕ್ಕಿಬೀಳ್ತಾಳೆ ಅಂತ 2018ರಲ್ಲೇ ಒಂಬತ್ತನೇ ಸರ್ಕ್ಯೂಟ್ ಕೋರ್ಟ್, ಅಂದರೆ ಸುಪ್ರೀಂ ಕೋರ್ಟಿಗಿಂತ ಕೆಳಗಿನ ಮೇಲ್ಮನವಿ ಕೋರ್ಟ್, ಹೇಳಿತ್ತು. ಆ ಅಜ್ಜಿ ಬೇಕಂತಲೇ ಅಲ್ಲದೆ ಬಾಯಿತಪ್ಪಿ ಹೇಳ್ತಾಳಾ? ತೀರ್ಪು ಓದೋರು ಲಾಯರ್‌ಗಳು. ನಮ್ಮಂಥವರು ಸುಮ್ನೆ ಬಾಯಿ ಮುಚ್ಚಿಕೊಳ್ಳೋರು.

ಇನ್ನು, ಈ ಕಾನೂನಿಲ್ಲದಿದ್ದರೆ ಮೋಸಗಾರರು ತಪ್ಪಿಸಿಕೊಳ್ತಾರೆ ಅನ್ನೋ ವಾದ. ಆ 2023ರ ಕೇಸಿನ ಹ್ಯಾನ್ಸನ್‌ನನ್ನೇ ನೋಡಿ. ವಯಸ್ಕರನ್ನ ದತ್ತು ಕೊಡಿಸಿ ಅಮೆರಿಕದ ಪೌರತ್ವ ಮಾಡಿಸ್ತೀನಿ ಅಂತ 450ಕ್ಕೂ ಹೆಚ್ಚು ಜನರಿಗೆ ಟೋಪಿ ಹಾಕಿದವನು. ಅಂಥವನು ಒಳಗೇ ಇರಲಿ. ಆದರೆ ಅವನಿಗೆ 20 ವರ್ಷ ಬಿದ್ದಿದ್ದು ವಂಚನೆಗೆ. ಪ್ರೋತ್ಸಾಹಕ್ಕೆ ಕೊಟ್ಟ 10 ವರ್ಷವೂ (ದುಡ್ಡಿಗಾಗಿ ಮಾಡಿದ್ದರಿಂದ 5ರ ಮಿತಿ ಇಲ್ಲ) ಅದರ ಜೊತೆಜೊತೆಗೇ ಕಳೆಯುವಂಥದ್ದು. ಈ ಕಾನೂನು ಇಲ್ಲದಿದ್ದರೂ ಅವನ ಶಿಕ್ಷೆ ಒಂದು ದಿನವೂ ಕಮ್ಮಿ ಆಗುತ್ತಿರಲಿಲ್ಲ.