ಅಲ್ಸಾಸಿನಲ್ಲಿ ಹನ್ನೆರಡು ಹೊಡೆದರೆ

ವೈನ್ ಸೀಮೆಗೆ ಹೊರಟವರಿಗೆ ಮನೆಯ ಹಿರಿಯರು ಹೇಳಿ ಕಳಿಸುವ ಬುದ್ಧಿಮಾತು ಒಂದೇ: "ಜಾಸ್ತಿ ಕುಡಿದು ಎಲ್ಲಾದ್ರೂ ಬಿದ್ದೀಯ, ಹುಷಾರು." ಫ್ರಾನ್ಸಿನ ಪೂರ್ವದಂಚಿನ ಅಲ್ಸಾಸಿನಲ್ಲಿ ಈ ಬುದ್ಧಿಮಾತು ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ನಮ್ಮವರನ್ನು ಕೆಡವುವುದು ವೈನ್ ಅಲ್ಲ, ಗಡಿಯಾರ. ಮಧ್ಯಾಹ್ನ ಹನ್ನೆರಡಕ್ಕೆ ವೈನ್ ರುಚಿ ನೋಡಿ ಕೊಳ್ಳುವ ನೆಲಮಾಳಿಗೆಗಳು ಮುಚ್ಚುತ್ತವೆ, ಊಟದ ಮನೆಗಳು ತೆರೆಯುತ್ತವೆ. ಎರಡಕ್ಕೆ ನೆಲಮಾಳಿಗೆಗಳು ತೆರೆಯುತ್ತವೆ, ಊಟದ ಮನೆಗಳು ಮುಚ್ಚುತ್ತವೆ. ಈ ಲೆಕ್ಕ ತಿಳಿಯದವರು ಹನ್ನೆರಡಕ್ಕೆ ನೆಲಮಾಳಿಗೆಯ ಮುಂದೆ, ಎರಡೂ ಕಾಲಿಗೆ ಹೋಟೆಲಿನ ಮುಂದೆ ನಿಂತಿರುತ್ತಾರೆ.

ಎಡವಟ್ಟು ವಿಮಾನ ಇಳಿದ ಕೂಡಲೇ ಶುರುವಾಗಲೂಬಹುದು. ಅಲ್ಸಾಸಿನ ದಕ್ಷಿಣ ತುದಿಯ ವಿಮಾನ ನಿಲ್ದಾಣ ಇರುವುದು ಪೂರ್ತಿಯಾಗಿ ಫ್ರಾನ್ಸಿನ ನೆಲದಲ್ಲಿ. ನಡೆಸುವವರು ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಸೇರಿ. ಹೆಸರಿನಲ್ಲಿ ಬಾಸೆಲ್, ಮುಲೂಸ್, ಫ್ರೈಬುರ್ಗ್ ಎಂದು ಮೂರು ದೇಶಗಳ ಮೂರು ಊರುಗಳಿವೆ. ಟಿಕೆಟ್ಟಿನ ಕೋಡ್ ಕೂಡ ಮೂರು: ಬಿಎಸ್‌ಎಲ್, ಎಂಎಲ್‌ಎಚ್, ಇಎಪಿ. ಮೂರೂ ಒಂದೇ ಕಟ್ಟಡ. ಸಾಮಾನು ತೆಗೆದುಕೊಂಡ ಮೇಲೆ ಎರಡು ಬಾಗಿಲು ಸಿಗುತ್ತವೆ, ಒಂದು ಸ್ವಿಸ್ ಕಡೆಗೆ, ಒಂದು ಫ್ರೆಂಚ್ ಕಡೆಗೆ. ಮಂಗಳೂರಿಗೆ ಹೆಂಚಿನ ಕಾರ್ಖಾನೆಯನ್ನೂ ಅಚ್ಚುಕೂಟವನ್ನೂ ತಂದ ಬಾಸೆಲ್ ಮಿಷನ್ನಿನ ಬಾಸೆಲ್ ಇದೇ ಆದ್ದರಿಂದ, ಕರಾವಳಿಯವರು ಆ ಹೆಸರು ಕಂಡೊಡನೆ ಅಭಿಮಾನದಿಂದ ಅತ್ತಲೇ ನಡೆದುಬಿಡುವ ಅಪಾಯವಿದೆ. ಹಾಗೆ ನಡೆದರೆ 50ನೇ ನಂಬರಿನ ಬಸ್ಸು ನಿಮ್ಮನ್ನು ನೇರ ಬಾಸೆಲ್ ರೈಲು ನಿಲ್ದಾಣಕ್ಕೆ ಒಯ್ದು ಬಿಡುತ್ತದೆ, ಕಾಫಿಗೆ ಫ್ರಾಂಕ್ ಕೇಳುತ್ತಾರೆ. ನೀವು ಬಾಡಿಗೆಗೆ ಗೊತ್ತುಮಾಡಿದ ಕಾರು ಮಾತ್ರ ಇನ್ನೊಂದು ಬಾಗಿಲ ಹೊರಗೆ ನಿಮಗಾಗಿ ಕಾಯುತ್ತಿರುತ್ತದೆ. ಕಾರು ಕಾಯ್ದಿರಿಸುವಾಗ ಊರಿನ ಹೆಸರಿಗಿಂತ ಫ್ರೆಂಚ್ ಕಡೆಯೋ ಸ್ವಿಸ್ ಕಡೆಯೋ ಎಂಬುದನ್ನು ಓದಿಕೊಳ್ಳಬೇಕು.

ಪ್ಯಾರಿಸ್ಸಿನಿಂದ ರೈಲಿನಲ್ಲಿ ಬರುವವರಿಗೆ ಬೇರೆ ಬಗೆಯ ಉಪಚಾರ ಕಾದಿದೆ. ಫ್ರಾನ್ಸಿನಲ್ಲಿ ರೈಲುಗಳು ಎಡಬದಿಯ ಹಳಿಯಲ್ಲಿ ಓಡುತ್ತವೆ. ಅಲ್ಸಾಸಿನಲ್ಲಿ ಬಲಬದಿಗೆ. 1871ರಿಂದ 1918ರವರೆಗೆ ಈ ಸೀಮೆ ಜರ್ಮನಿಯ ಕೈಯಲ್ಲಿದ್ದಾಗ ಹಾಕಿದ ಪದ್ಧತಿ ಹಾಗೆಯೇ ಉಳಿದಿದೆ. ಆ ಕಾಲದ ಗಡಿಯಲ್ಲಿ ಒಂದು ಹಳಿ ಇನ್ನೊಂದರ ಮೇಲೆ ಸೇತುವೆಯಲ್ಲಿ ಹಾದು ಬದಿ ಬದಲಿಸುತ್ತದೆ. ಹೀಗಾಗಿ ಪ್ಯಾರಿಸ್ಸಿನಲ್ಲಿ ನಾಲ್ಕು ದಿನ ಕಳೆದು ಜಾಣರಾದವರು ಇಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ರೈಲು ಬಾರದ ದಿಕ್ಕನ್ನೇ ದಿಟ್ಟಿಸುತ್ತ ನಿಂತಿರುತ್ತಾರೆ. ಆ ಜರ್ಮನ್ ಕಾಲದ ಇನ್ನೊಂದು ಉಳಿಕೆ ರಜೆ. ಡಿಸೆಂಬರ್ 26 ಮತ್ತು ಗುಡ್ ಫ್ರೈಡೆ ಉಳಿದ ಫ್ರಾನ್ಸಿಗೆ ಕೆಲಸದ ದಿನ, ಇಲ್ಲಿ ರಜೆ. ಇಂಟರ್‌ನೆಟ್ಟಿನಲ್ಲಿ ಫ್ರಾನ್ಸಿನ ರಜಾಪಟ್ಟಿ ನೋಡಿ ನೆಮ್ಮದಿಯಿಂದ ಬಂದವರು ಮುಚ್ಚಿದ ಅಂಗಡಿಯ ಕದಗಳ ಕೆತ್ತನೆಯನ್ನು ಮೆಚ್ಚಿಕೊಂಡು ಹೋಗಬೇಕು. ಕೆತ್ತನೆ ಚೆನ್ನಾಗಿಯೇ ಇರುತ್ತದೆ.

ಇನ್ನು ವೈನ್ ದಾರಿ. ವೋಜ್ ಬೆಟ್ಟಸಾಲಿನ ಬುಡಕ್ಕೆ ಅಂಟಿಕೊಂಡು ಉತ್ತರದ ಮಾರ್ಲೆನ್‌ಹೈಮ್‌ನಿಂದ ದಕ್ಷಿಣದ ಥಾನ್‌ವರೆಗೆ ಸುಮಾರು 170 ಕಿಲೋಮೀಟರ್. 1953ರಲ್ಲಿ ಇದನ್ನು ಪ್ರವಾಸಿ ಮಾರ್ಗವೆಂದು ಉದ್ಘಾಟಿಸಿದರು. 170 ಎಂದರೆ ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಇನ್ನೂ ಸ್ವಲ್ಪ, ಒಂದೇ ದಿನದಲ್ಲಿ ಮುಗಿಸೋಣ ಎಂದು ಹೊರಡುವವರು ಪ್ರತಿ ಬೇಸಿಗೆಯಲ್ಲೂ ಇರುತ್ತಾರೆ. ದಾರಿ ಪ್ರತಿ ಹಳ್ಳಿಯ ಹೊಟ್ಟೆಯೊಳಗೇ ಹಾದುಹೋಗುತ್ತದೆ ಎಂಬುದು ಆಮೇಲೆ ತಿಳಿಯುತ್ತದೆ. ರಿಕ್‌ವೀರ್, ಕೈಸರ್ಸ್‌ಬೆರ್ಗ್‌ನಂಥ ಹಳೆಯ ಊರುಗಳಲ್ಲಿ ಕಾರನ್ನು ಹೊರಗೇ ನಿಲ್ಲಿಸಿ, ಯಂತ್ರದಲ್ಲಿ ಹಣ ಕಟ್ಟಿ, ಕಲ್ಲು ಹಾಸಿದ ಬೀದಿಯಲ್ಲಿ ನಡೆಯಬೇಕು. ಆ ಕಲ್ಲುಗಳ ಮೇಲೆ ಚಕ್ರದ ಸೂಟ್‌ಕೇಸ್ ಎಳೆದರೆ ಊರಿಗೆಲ್ಲ ನೀವು ಬಂದ ಸುದ್ದಿ ಮುಟ್ಟುತ್ತದೆ, ಚಕ್ರ ಮಾತ್ರ ಹೋಟೆಲು ಮುಟ್ಟುವುದು ಅನುಮಾನ. ಊರೊಳಗಿನ ಗಲ್ಲಿಗಳಲ್ಲಿ ಫಲಕವಿಲ್ಲದ ಕಡೆ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲ ಹಕ್ಕು. ನೀವು ದೊಡ್ಡ ರಸ್ತೆಯಲ್ಲಿದ್ದರೂ ಸರಿ, ಬಲಗಡೆಯ ಸಂದಿಯಿಂದ ನುಗ್ಗುವ ಟ್ರ್ಯಾಕ್ಟರೇ ದೊರೆ. ಕೋಲ್ಮಾರ್ ಊರಿನ ಉತ್ತರದ ವೃತ್ತದಲ್ಲಿ 12 ಮೀಟರ್ ಎತ್ತರದ ಸ್ವಾತಂತ್ರ್ಯ ದೇವಿ ನಿಂತಿದ್ದಾಳೆ. ನ್ಯೂಯಾರ್ಕಿನ ಮೂಲ ಪ್ರತಿಮೆಯ ಶಿಲ್ಪಿ ಬಾರ್ತೋಲ್ಡಿ 1834ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಅವಳನ್ನು ಫೋಟೋ ಹಿಡಿಯಲು ಕಾರಿನಲ್ಲೇ ವೃತ್ತವನ್ನು ಪ್ರದಕ್ಷಿಣೆ ಹಾಕುವ ಕುಟುಂಬಗಳ ಚಿತ್ರದಲ್ಲಿ ಕೊನೆಗೆ ಸಿಗುವುದು ಕಿಟಕಿಯ ಗಾಜು, ಡ್ರೈವರಿನ ಕಿವಿ.

ನೆಲಮಾಳಿಗೆಗೆ ಹೋಗುವ ಸರಿಯಾದ ಹೊತ್ತು ಬೆಳಗ್ಗೆ ಹತ್ತು ಅಥವಾ ಮಧ್ಯಾಹ್ನ ಮೂರು. ಇವು ಮನೆಮಂದಿಯೇ ನಡೆಸುವ ಪುಟ್ಟ ವ್ಯವಹಾರಗಳು. ಹಿಂದಿನ ದಿನ ಫೋನು ಮಾಡಿ, ಭಾನುವಾರ ಬೇಡ. ಸೆಪ್ಟೆಂಬರಿನಲ್ಲಿ ಕೊಯ್ಲು, ಯಜಮಾನರು ತೋಟದಲ್ಲಿರುತ್ತಾರೆ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಹತ್ತು ಜನರ ಗುಂಪು ಒಳಗೆ ನುಗ್ಗಿದರೆ ಯಾರೂ ಹೊರಗೆ ಹಾಕುವುದಿಲ್ಲ, ಆದರೆ ಲೋಟಕ್ಕೆ ಬೀಳುವ ವೈನಿಗಿಂತ ಗೋಡೆಯ ಗಡಿಯಾರದ ಮೇಲೆ ಬೀಳುವ ನೋಟ ಹೆಚ್ಚು. ಒಳಗೆ ಕಾಲಿಟ್ಟೊಡನೆ "ಬೋಂಜೂರ್" ಎನ್ನಬೇಕು. ಅದನ್ನು ಹೇಳದೆ ನೇರ "ರೇಟೆಷ್ಟು" ಎಂದವರಿಗೆ ಉತ್ತರವೇನೋ ಸಿಗುತ್ತದೆ, ನಗು ಸಿಗುವುದಿಲ್ಲ.

ರುಚಿ ನೋಡುವುದಕ್ಕೂ ಒಂದು ಕ್ರಮವಿದೆ. ಮೊದಲು ಹಗುರವಾದ ಸಿಲ್ವಾನರ್, ಪಿನೋ ಬ್ಲಾಂ ವೈನುಗಳು. ಆಮೇಲೆ ಹುಳಿ ಚುರುಕಿನ ರೀಸ್ಲಿಂಗ್. ಬಳಿಕ ಮೈತುಂಬಿದ ಪಿನೋ ಗ್ರೀ. ಕೊನೆಗೆ ಗುಲಾಬಿ, ಲಿಚಿ ಹಣ್ಣಿನ ಘಮದ ಗೆವುರ್ಟ್ಸ್‌ಟ್ರಾಮಿನರ್. ಅದಕ್ಕೂ ಆಚೆ, ಬಳ್ಳಿಯಲ್ಲೇ ತಡವಾಗಿ ಮಾಗಿದ ದ್ರಾಕ್ಷಿಯ ಸಿಹಿ ವೈನು. ನಮ್ಮವರ ಮೂಗು ಗೆವುರ್ಟ್ಸ್‌ಟ್ರಾಮಿನರಿನ ಪರಿಮಳಕ್ಕೆ ಮೊದಲೇ ಸೋತು "ಇದನ್ನೇ ಮೊದಲು ಹಾಕಿ" ಎನ್ನುತ್ತದೆ. ಹಾಕುತ್ತಾರೆ. ಆಮೇಲೆ ಬಂದ ಒಳ್ಳೆಯ ರೀಸ್ಲಿಂಗ್ ಬರೀ ಹುಳಿನೀರು ಎನಿಸುತ್ತದೆ, ತಪ್ಪು ರೀಸ್ಲಿಂಗಿನದಲ್ಲ. ಸಿಹಿಯ ಗೊಂದಲ ತಪ್ಪಿಸಲು ಬಾಟಲಿಯ ಚೀಟಿ ಓದಬಹುದು. 2021ರ ಬೆಳೆಯಿಂದೀಚೆಗೆ ಅಲ್ಸಾಸಿನ ವೈನಿಗೆ ಸಿಹಿಯ ಮಟ್ಟ ನಮೂದಿಸುವುದು ಕಡ್ಡಾಯ. "ಸೆಕ್" ಎಂದರೆ ಸಿಹಿಯಿಲ್ಲ, "ದೆಮಿ-ಸೆಕ್" ತುಸು, "ಮ್ವೆಲ್ಲೋ" ಸಾಕಷ್ಟು, "ದೂ" ಪೂರ್ತಿ ಸಿಹಿ.

ಪ್ರತಿ ಸಲ ಸುರಿಯುವುದು ಮೂರು ನಾಲ್ಕು ಸೆಂಟಿಲೀಟರ್. ಇಷ್ಟೇನಾ ಎಂದು ಮುಖ ಸಣ್ಣದು ಮಾಡುವ ಮುನ್ನ ಲೆಕ್ಕ ಹಾಕಿ: ಎಂಟು ಬಗೆ, ತಲಾ ನಾಲ್ಕು ಎಂದರೆ 32 ಸೆಂಟಿಲೀಟರ್, ಅಂದರೆ ಬಾಟಲಿಯ ನೂರಕ್ಕೆ ನಲವತ್ತು ಪಾಲಿಗಿಂತ ಹೆಚ್ಚು. ಫ್ರಾನ್ಸಿನಲ್ಲಿ ಕಾರು ಓಡಿಸುವವರ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಆಲ್ಕೋಹಾಲಿಗೆ ತಲುಪುವಂತಿಲ್ಲ. ಅಷ್ಟನ್ನೂ ನುಂಗಿದವರು ಆ ಗೆರೆಯನ್ನು ದಾಟಿದ್ದಾರೆಂದೇ ತಿಳಿಯಬೇಕು. ಅದಕ್ಕೇ ಮೇಜಿನ ಮೇಲೆ ಉಗುಳುವ ಪಾತ್ರೆ ಇಟ್ಟಿರುವುದು. ಅದನ್ನು ಐಸಿನ ಬಕೆಟ್ಟೆಂದು ತಿಳಿದು ಲೋಟ ಅದ್ದಿದವರಿದ್ದರೆ ಅವರ ಹೆಸರು ಹೇಳದಿರುವುದೇ ಒಳ್ಳೆಯದು. ವೈನನ್ನು ಬಾಯಲ್ಲಿ ಒಮ್ಮೆ ಆಡಿಸಿ, ತುಟಿ ಮುಂದಕ್ಕೆ ಚೂಪಾಗಿಸಿ, ಸಣ್ಣ ಧಾರೆಯಾಗಿ ಪಾತ್ರೆಯ ಒಳಗೋಡೆಗೆ ಬಿಡಬೇಕು. ನೇರ ತಳಕ್ಕೆ ಬಿಟ್ಟರೆ ಅಂಗಿಗೆ ಸಿಡಿಯುತ್ತದೆ. ಎಲೆಯಡಿಕೆ ಹಾಕಿ ಪಳಗಿದ ಅಜ್ಜಂದಿರು ಈ ವಿದ್ಯೆಯಲ್ಲಿ ಫ್ರಾನ್ಸಿನ ಇನ್ನೊಂದು ವೈನ್ ಸೀಮೆ ಬೋರ್ದೋದ ಪಂಡಿತರನ್ನೂ ಮೀರಿಸಬಲ್ಲರು. ವೈನ್ ಕೋರ್ಸು ಮಾಡಿದ ಮೊಮ್ಮಕ್ಕಳ ಅಂಗಿ ಮಾತ್ರ ಹಾಳಾಗುತ್ತದೆ. ರುಚಿ ನೋಡಿದ್ದಕ್ಕೆ ಹಣ ಕೇಳದ ಕಡೆ ಒಂದೆರಡು ಬಾಟಲಿ ಕೊಳ್ಳುವುದು ಮರ್ಯಾದೆ.

ಊಟದ ವಿಚಾರಕ್ಕೆ ಬಂದರೆ ಸಸ್ಯಾಹಾರಿಗಳ ಮುಖ್ಯ ಎದುರಾಳಿ ಹಂದಿಮಾಂಸದ ತುಣುಕುಗಳು, ಲಾರ್ದೋಂ. ಅವು ಎಲ್ಲಿ ಅಡಗಿರುತ್ತವೆಂದು ಹೇಳಲಾಗದು. ಹಸುವಿನಷ್ಟೇ ಸಾಧುವಾಗಿ ಕಾಣುವ ಈರುಳ್ಳಿ ಟಾರ್ಟಿನಲ್ಲಿ ಇರಬಹುದು. ಸಿಹಿ ಕೂಗೆಲ್‌ಹೋಫ್ ಬ್ರೆಡ್ಡಿನದೇ ಅಚ್ಚಿನಲ್ಲಿ ಬೆಂದ ಖಾರದ ಕೂಗೆಲ್‌ಹೋಫ್‌ನಲ್ಲಂತೂ ಆಕ್ರೋಟಿನ ಜೊತೆ ಇದ್ದೇ ಇರುತ್ತವೆ. ಹುಳಿಗೆ ಬಂದ ಎಲೆಕೋಸಿನ ಶೂಕ್ರೂಟ್ ತಟ್ಟೆಯಿಂದ ಮಾಂಸ ತೆಗೆದು ಕೋಸು ಮಾತ್ರ ಕೊಡಿ ಎಂದರೂ ಪ್ರಯೋಜನವಿಲ್ಲ. ಆ ಕೋಸು ಬೇಯುವುದೇ ಹಂದಿಯ ಅಥವಾ ಬಾತಿನ ಕೊಬ್ಬಿನಲ್ಲಿ. "ಮಾಂಸ ತಿನ್ನುವುದಿಲ್ಲ" ಎಂದಷ್ಟೇ ಹೇಳಿದರೆ ಮೀನು ತಂದಿಡುತ್ತಾರೆ, ಪ್ರೀತಿಯಿಂದಲೇ. ಆದ್ದರಿಂದ ಮಾಂಸ, ಮೀನು, ಲಾರ್ದೋಂ ಮೂರನ್ನೂ ಹೆಸರಿಡಿದು ಬೇಡವೆನ್ನಬೇಕು. ನೆಮ್ಮದಿಯ ದಾರಿ ಬಿಬೆಲೆಸ್‌ಕೇಸ್: ಗಟ್ಟಿ ಮೊಸರಿನಂಥ ಹಸಿ ಚೀಸಿಗೆ ಬೆಳ್ಳುಳ್ಳಿ, ಈರುಳ್ಳಿ, ಸೊಪ್ಪು ಕಲಸಿ, ಹುರಿದ ಆಲೂಗಡ್ಡೆಯ ಜೊತೆ ಕೊಡುತ್ತಾರೆ. ಆಲೂಗಡ್ಡೆಗೂ ಲಾರ್ದೋಂ ಬೇಡವೆಂದು ಹೇಳುವುದನ್ನು ಮರೆಯಬೇಡಿ.

ಫ್ಲಾಮ್‌ಕೂಖ ಅಥವಾ ಟಾರ್ಟ್ ಫ್ಲಾಂಬೆ ಇಲ್ಲಿನ ಹೆಮ್ಮೆ. ಕಾಗದದಷ್ಟು ತೆಳು ಹಿಟ್ಟಿನ ಮೇಲೆ ಕೆನೆ, ಈರುಳ್ಳಿ, ಲಾರ್ದೋಂ ಹರಡಿ, ಕೆಂಡದಂಥ ಒಲೆಯಲ್ಲಿ ಒಂದೆರಡು ನಿಮಿಷ ಬೇಯಿಸಿ ಮರದ ಹಲಗೆಯ ಮೇಲೆ ತರುತ್ತಾರೆ. ಲಾರ್ದೋಂ ಇಲ್ಲದೆ ಮಾಡಿಕೊಡುವ ಕಡೆಗಳಿವೆ. ಅಣಬೆಯದು ಆರಿಸಿದರೆ ಸಾಕು ಎಂದುಕೊಂಡವರಿಗೆ ಅಣಬೆಯೂ ಬರುತ್ತದೆ, ಲಾರ್ದೋಂ ಕೂಡ ಬರುತ್ತದೆ. ಇಲ್ಲಿ ಎರಡು ಎಡವಟ್ಟುಗಳು ಕಾದಿವೆ. ಮೊದಲನೆಯದು, ಸೌದೆ ಒಲೆಯ ಅನೇಕ ಕಡೆ ಇದು ಸಂಜೆಗೆ ಮಾತ್ರ, ಮಧ್ಯಾಹ್ನ ಒಲೆಯೇ ಹಚ್ಚುವುದಿಲ್ಲ. ಎರಡನೆಯದು, ನಾಲ್ವರಿಗೆ ನಾಲ್ಕು ಎಂದು ಒಟ್ಟಿಗೆ ಆರ್ಡರ್ ಮಾಡುವುದು. ಒಂದು ತಂದು ಎಲ್ಲರೂ ಹಂಚಿಕೊಂಡು, ಅದು ಮುಗಿಯುತ್ತಿದ್ದಂತೆ ಮುಂದಿನದನ್ನು ಹೇಳಬೇಕು. ಐದು ನಿಮಿಷ ತಣ್ಣಗಾದರೆ ಹಲ್ಲಿಗೆ ಕೆಲಸ. ಮೂರು ಬಗೆಯ ಮಾಂಸವನ್ನು ರಾತ್ರಿಯಿಡೀ ವೈನಿನಲ್ಲಿ ನೆನೆಸಿ, ಮಡಕೆಯ ಮುಚ್ಚಳವನ್ನು ಹಿಟ್ಟಿನಿಂದ ಅಂಟಿಸಿ ಬೇಯಿಸುವ ಬೇಕೆಓಫ ಬೇಕಾದವರು ಹಿಂದಿನ ದಿನವೇ ಹೇಳಿಡುವುದು ಕ್ಷೇಮ. ನೀರು ಬೇಕೆಂದರೆ "ಕರಾಫ್ ದೋ" ಎನ್ನಿ, ನಲ್ಲಿನೀರು ಬಿಟ್ಟಿ ಬರುತ್ತದೆ. ಬರೀ ನೀರು ಎಂದರೆ ಬಾಟಲಿಯೂ ಅದರ ಬಿಲ್ಲೂ ಬರುತ್ತದೆ.

ಎರಡು ಗಂಟೆಯೊಳಗಿನ ಊಟ ತಪ್ಪಿಸಿಕೊಂಡವರು ಬಾಗಿಲಲ್ಲಿ "ಸೆರ್ವಿಸ್ ಕೊಂತಿನ್ಯು" ಎಂದು ಬರೆದ ಹೋಟೆಲ್ ಹುಡುಕಬೇಕು, ಅಂಥಲ್ಲಿ ಇಡೀ ದಿನ ಒಲೆ ಉರಿಯುತ್ತದೆ. ಇಲ್ಲವೇ ಬೇಕರಿಯ ಬ್ರೆಟ್ಸೆಲ್, ಗಂಟಿನಾಕಾರದ ಬ್ರೆಡ್ಡು. ಅಲ್ಸಾಸಿನ ದೊಡ್ಡ ಊರು ಸ್ಟ್ರಾಸ್‌ಬೂರ್ಗಿನಲ್ಲಿ ಈ ತಾಪತ್ರಯ ಇನ್ನೂ ಬಿಗಿ. 142 ಮೀಟರ್ ಎತ್ತರದ ಕೆಥೆಡ್ರಲ್ಲಿನೊಳಗೆ 1843ರಲ್ಲಿ ಶ್ವಿಲ್ಗೆ ಮುಗಿಸಿದ ಖಗೋಳ ಗಡಿಯಾರವಿದೆ. ಅದರಲ್ಲಿ ಹನ್ನೆರಡು ಶಿಷ್ಯರು ಕ್ರಿಸ್ತನ ಮುಂದೆ ಸಾಲಾಗಿ ಸಾಗುತ್ತಾರೆ, ಕೋಳಿ ಮೂರು ಸಲ ಕೂಗುತ್ತದೆ. ಹನ್ನೆರಡಕ್ಕೆ ಅಂದುಕೊಂಡು ಹೋಗುವವರಿಗೆ ಅಲ್ಲಿನ ಹನ್ನೆರಡು ನಮ್ಮ ಗಡಿಯಾರದ ಹನ್ನೆರಡೂವರೆ. ಅದು ಸ್ಥಳೀಯ ಸೂರ್ಯನ ಲೆಕ್ಕಕ್ಕೆ ಹೊಂದಿಸಿದ ಗಡಿಯಾರ, ಕೈಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ಕೋಳಿ ಕೂಗಿ ಮುಗಿದಾಗ ಒಳಗಿದ್ದ ಜನವೆಲ್ಲ ಒಟ್ಟಿಗೆ ಹೊರಬಿದ್ದು ಒಟ್ಟಿಗೆ ಹಸಿಯುತ್ತಾರೆ. ಆ ದಿನ ಒಂದು ಗಂಟೆಗೆ ಮೇಜು ಮೊದಲೇ ಕಾಯ್ದಿರಿಸಿದವರು ಮಾತ್ರ ಉಣ್ಣುತ್ತಾರೆ.

ಕೋಲ್ಮಾರಿನ ಉಂಟರ್‌ಲಿಂಡನ್ ಮ್ಯೂಸಿಯಂ ಮಂಗಳವಾರ ರಜೆ. ಅಲ್ಲಿ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಬರೆದ ಇಸೆನ್‌ಹೈಮ್ ಚಿತ್ರಫಲಕಗಳಿವೆ. ಬೂಷ್ಟು ಹಿಡಿದ ರೈ ಧಾನ್ಯ ತಿಂದು ಮೈ ಉರಿದು ಕೊಳೆಯುತ್ತಿದ್ದ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಮಠಕ್ಕಾಗಿ ಬರೆದದ್ದು. ಶಿಲುಬೆಯ ಮೇಲಿನ ಕ್ರಿಸ್ತನ ಮೈತುಂಬ ಹುಣ್ಣು. ಯುರೋಪಿನಲ್ಲಿ ಅಷ್ಟು ದಿಟ್ಟವಾದ ನೋವಿನ ಚಿತ್ರ ಇನ್ನೊಂದಿಲ್ಲವೆಂದೇ ಹೇಳಬೇಕು. ಇಡೀ ಪ್ರವಾಸದಲ್ಲಿ ಒಂದನ್ನೇ ನೋಡುವುದಾದರೆ ಇದನ್ನು ನೋಡಿ, ಆದರೆ ಊಟದ ಆಮೇಲೆ. ಮೊದಲು ನೋಡಿದವರಿಗೆ ಊಟ ಸೇರುವುದಿಲ್ಲ.

ಮನ್ಸ್ಟರ್ ಚೀಸ್ ಕೊಂಡರೆ ಅಂದೇ ತಿಂದು ಮುಗಿಸಿ. ಉಪ್ಪುನೀರಿನಲ್ಲಿ ಮತ್ತೆ ಮತ್ತೆ ತೊಳೆದು ಬೆಳೆಸಿದ ಅದರ ಕಿತ್ತಳೆ ಬಣ್ಣದ ಸಿಪ್ಪೆಯ ನಾತ ಒಳಗಿನ ರುಚಿಗೆ ಏನೇನೂ ಸಂಬಂಧವಿಲ್ಲದಷ್ಟು ಘೋರ. ಜೀರಿಗೆಯಂಥ ಕಾಳು ಉದುರಿಸಿ, ಗೆವುರ್ಟ್ಸ್‌ಟ್ರಾಮಿನರ್ ಜೊತೆ ತಿಂದರೆ ಸೊಗಸು. ಬಿಸಿಲಲ್ಲಿ ನಿಂತ ಬಾಡಿಗೆ ಕಾರಿನ ಡಿಕ್ಕಿಯಲ್ಲಿ ಮರೆತರೆ ಕಾರು ಹಿಂತಿರುಗಿಸುವಾಗ ವಿವರಣೆ ಕೊಡಬೇಕಾಗುತ್ತದೆ.

ಕೊನೆಯ ಕಷ್ಟ ಸೂಟ್‌ಕೇಸಿನದು. ಅಲ್ಸಾಸಿನ ಬಾಟಲಿ ಕೊಳಲಿನ ಆಕಾರದ್ದು, ತೆಳ್ಳಗೆ, ಉದ್ದಕ್ಕೆ. ಬೋರ್ದೋ ಬಾಟಲಿಗೆಂದು ಹೊಲಿದ ಚೀಲದಲ್ಲಿ ಕತ್ತು ಹೊರಗೇ ಉಳಿಯುತ್ತದೆ. ಕಾಲುಚೀಲ ತೊಡಿಸಿ, ಸೂಟ್‌ಕೇಸಿನ ನಡುವೆ ಓರೆಯಾಗಿ ಮಲಗಿಸಿ, ಸುತ್ತ ಸ್ವೆಟರ್ ತುರುಕಬೇಕು. ಒಂದೊಂದೂ ಕಿಲೋಗಿಂತ ಹೆಚ್ಚು ತೂಗುತ್ತದೆ. ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ದ್ರವದ ಬಾಟಲಿ ಅನೇಕ ವಿಮಾನ ನಿಲ್ದಾಣಗಳಲ್ಲಿ ದಾಟುವುದಿಲ್ಲ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ ಮದ್ಯ ಒಬ್ಬರಿಗೆ 2 ಲೀಟರ್. ಮೂರು ಬಾಟಲಿ ಎಂದರೆ 2.25, ಕಾಲು ಲೀಟರ್ ಹೆಚ್ಚಾಯಿತು. ಎರಡೇ ಎಂದರೆ ಅರ್ಧ ಲೀಟರ್ ಹಕ್ಕು ವ್ಯರ್ಥ. ತಡವಾಗಿ ಕೊಯ್ದ ದ್ರಾಕ್ಷಿಯ ಸಿಹಿ ವೈನು 50 ಸೆಂಟಿಲೀಟರಿನ ಪುಟ್ಟ ಬಾಟಲಿಯಲ್ಲಿ ಕೆಲವೆಡೆ ಸಿಗುತ್ತದೆ. ಎರಡು ದೊಡ್ಡದು, ಒಂದು ಚಿಕ್ಕದು, ಸರಿಯಾಗಿ ಎರಡು ಲೀಟರ್. ಚಿಕ್ಕದರ ಬೆಲೆ ದೊಡ್ಡವೆರಡನ್ನೂ ಸೇರಿಸಿದ್ದಕ್ಕಿಂತ ಹೆಚ್ಚಿರಬಹುದು, ಅದನ್ನು ಮನೆಯಲ್ಲಿ ಹೇಳುವ ಅಗತ್ಯವಿಲ್ಲ.