ಸಹಿ ಹಾಕಿದ ಎಂಜಿನಿಯರ್ ಮನೆ ನೋಡಿದ್ದಾರಾ?

ಆಕ್ಲೆಂಡಿನಲ್ಲಿ ನಮ್ಮ ಪಕ್ಕದ ಬೀದಿಯಲ್ಲಿರುವ ಸಾಗರದ ಗೆಳೆಯ ತನ್ನ ಅಪ್ಪ ಅಮ್ಮನಿಗೆಂದು ಹಿತ್ತಲಲ್ಲಿ ಒಂದು ಪುಟ್ಟ ಮನೆ ಕಟ್ಟಿಸುತ್ತಿದ್ದಾನೆ. "ಪ್ಲಾನ್ ಸ್ಯಾಂಕ್ಷನ್ ಆಯ್ತಾ?" ಎಂದು ಕೇಳಿದೆ. "ಇದಕ್ಕೆ ಸ್ಯಾಂಕ್ಷನ್ನೇ ಬೇಡ ಮಾರಾಯ" ಎಂದ. ಅದೇ ವಾರ ಊರಿನಿಂದ ತಮ್ಮನ ಫೋನ್ ಬಂತು. ಮೇಲಿನ ಮಹಡಿಯ ನಕ್ಷೆಗೆ ಎಂಜಿನಿಯರ್ ಸಹಿ ಸಿಕ್ಕಿತಂತೆ. ಅವರು ಸೈಟ್ ನೋಡಿದರಾ ಎಂದೆ. "ಅವರ‍್ಯಾಕೆ ಬರ‍್ತಾರಣ್ಣ, ಫೀಸು ಕೊಟ್ರೆ ಸೀಲು ಹಾಕಿ ಕೊಡ್ತಾರೆ. ಕಟ್ಟೋಕೆ ಮೇಸ್ತ್ರಿ ಇದ್ದಾರಲ್ಲ." ಎಷ್ಟು ಸಹಜವಾಗಿ ಹೇಳಿದ! ನನಗೆ ಆ ಮಾತು ಇನ್ನೂ ಚುಚ್ಚುತ್ತಿದೆ.

ನ್ಯೂಜಿಲೆಂಡಿನಲ್ಲಿ 2026ರ ಜನವರಿ 15ರಿಂದ 70 ಚದರ ಮೀಟರಿನೊಳಗಿನ, ಅಂದರೆ ನಮ್ಮ ಲೆಕ್ಕದಲ್ಲಿ ಏಳೂವರೆ ಚದರದ, ಒಂದೇ ಅಂತಸ್ತಿನ ಸರಳ ಮನೆಗೆ ಕೌನ್ಸಿಲ್‌ನ, ಅಂದರೆ ಇಲ್ಲಿನ ನಗರಸಭೆಯ, ಕಟ್ಟಡ ಪರವಾನಗಿ ಬೇಕಿಲ್ಲ. ಬೇಲಿಯಿಂದ ಎರಡು ಮೀಟರ್ ಬಿಡಬೇಕು. ಶುರು ಮಾಡುವ ಮೊದಲು ಕೌನ್ಸಿಲ್‌ಗೆ ತಿಳಿಸಿ ಆ ಜಾಗದ ಮಾಹಿತಿ ಪಡೆಯಬೇಕು, ಮುಗಿದ ಮೇಲೆ ಕಟ್ಟಿದ ಹಾಗೆಯೇ ಇರುವ ನಕ್ಷೆಯನ್ನು ಒಪ್ಪಿಸಬೇಕು. ಗೆಳೆಯನಿಗೆ ಇದರಿಂದ ಉಳಿದ ದುಡ್ಡು ಮತ್ತು ಸಮಯ ಸಣ್ಣದಲ್ಲ.

ಆದರೆ ನನಗೆ ಮೆಚ್ಚುಗೆಯಾದದ್ದು ಸಡಿಲ ಬಿಟ್ಟದ್ದಕ್ಕಿಂತ ಬಿಗಿ ಹಿಡಿದದ್ದು. ಚೌಕಟ್ಟು ನಿಲ್ಲಿಸುವವನು, ಚಾವಣಿ ಹಾಕುವವನು, ಪ್ಲಂಬರ್, ಎಲೆಕ್ಟ್ರಿಷಿಯನ್, ಇವರಿಗೆಲ್ಲ ಲೈಸೆನ್ಸ್ ಇರಬೇಕು, ಇಲ್ಲವೇ ಲೈಸೆನ್ಸ್ ಇದ್ದವರ ಉಸ್ತುವಾರಿಯಲ್ಲಿ ಕೆಲಸ ಆಗಬೇಕು. ಯಾವ ಕೆಲಸ ಯಾರದು ಎಂದು ಬರೆದು ಸಹಿ ಮಾಡಿ ಕೊಡಬೇಕು. ಬಿಲ್ಡರ್ ಹೆಸರು ಹಾಕಿ ಸರ್ಕಾರದ ಪಟ್ಟಿಯಲ್ಲಿ ಹುಡುಕಿದರೆ ಅವನ ಮೇಲೆ ಇತ್ತೀಚೆಗೆ ಶಿಸ್ತುಕ್ರಮ ಆಗಿದೆಯೇ ಎಂಬುದೂ ಕಾಣುತ್ತದೆ. ಮನೆ ಕೆಲಸಕ್ಕೆ ಕಾನೂನಿನ ಪ್ರಕಾರವೇ ಹತ್ತು ವರ್ಷದ ಭರವಸೆ. ಕಂಬಿ ಮುಟ್ಟಿದವನೇ ಹೊಣೆ ಹೊರುವುದು ಎಂದರೆ ಇದು.

ನಮ್ಮಲ್ಲಿ ಕಂಬಿ ಕಟ್ಟುವ ಮೇಸ್ತ್ರಿಯ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಕಾಗದದಲ್ಲಿ ಹೆಸರಿದ್ದವರು ಮೋಲ್ಡ್ ಹಾಕುವ ದಿನ ಸೈಟಿನಲ್ಲಿ ಇರುವುದಿಲ್ಲ. ನಕ್ಷೆಯಲ್ಲಿ ಮೂರು ಅಡಿ ಸೆಟ್‌ಬ್ಯಾಕ್ ಇರುತ್ತದೆ, ಸೈಟಿನಲ್ಲಿ ಪಕ್ಕದ ಮನೆ ಗೋಡೆಗೆ ಕೈ ತಾಗುತ್ತದೆ. ಆಯ ನೋಡಿಸಲು, ಗುದ್ದಲಿ ಪೂಜೆಗೆ, ಬಾಗಿಲು ಇಡಲು ಮುಹೂರ್ತ ಕೇಳಿಕೊಂಡು ಎರಡೆರಡು ಸಲ ಓಡಾಡುವ ನನ್ನ ಮನೆಯವರೇ ಪಿಲ್ಲರಿನ ಕಂಬಿ ಎಷ್ಟು ಎಂ.ಎಂ. ಎಂದು ಒಬ್ಬರನ್ನೂ ಕೇಳಿಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ. ಬೆಂಗಳೂರಿನಲ್ಲಿ 2024ರಲ್ಲಿ ಬಂದ 'ನಂಬಿಕೆ ನಕ್ಷೆ' ಯೋಜನೆಯಲ್ಲಿ 50×80 ಅಡಿವರೆಗಿನ ಸೈಟಿನ ಮನೆಗೆ ನೋಂದಾಯಿತ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಮೂಲಕ ಆನ್‌ಲೈನಿನಲ್ಲೇ ತಾತ್ಕಾಲಿಕ ಒಪ್ಪಿಗೆ ಸಿಗುತ್ತದೆ, ಅಧಿಕಾರಿಗಳ ಪರಿಶೀಲನೆ ಆಮೇಲೆ. ಸ್ವಾಧೀನ ಪತ್ರ (ಒ.ಸಿ., ಮನೆ ನಕ್ಷೆಯಂತೆ ಕಟ್ಟಿದೆ, ವಾಸಿಸಬಹುದು ಎನ್ನುವ ಪತ್ರ) ಇಲ್ಲದೆ ಕರೆಂಟು ನೀರು ಕೊಡಬೇಡಿ ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಸಾವಿರಾರು ಮನೆಗಳು ಕತ್ತಲಲ್ಲಿ ಕೂರುವಂತಾಯಿತು. 2025ರಲ್ಲಿ 1,200 ಚದರಡಿವರೆಗಿನ ಸೈಟಿನ ಮನೆಗಳಿಗೆ ರಾಜ್ಯ ಸರ್ಕಾರ ಆ ಪತ್ರದಿಂದಲೇ ವಿನಾಯಿತಿ ಕೊಟ್ಟಿತು. ಆ ಜನಕ್ಕೆ ಬೇರೆ ದಾರಿ ಇರಲಿಲ್ಲ, ನಿಜ. ಆದರೆ ಕಾಗದ ಹೋದ ಜಾಗದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಲಿಲ್ಲವಲ್ಲ ಎನ್ನುವುದೇ ನನ್ನ ಸಂಕಟ.

ನ್ಯೂಜಿಲೆಂಡಿನವರು ಹುಟ್ಟಿನಿಂದಲೇ ಜಾಣರಲ್ಲ ಎಂಬುದನ್ನೂ ಹೇಳಲೇಬೇಕು. ಇಲ್ಲಿನ 1991ರ ಕಟ್ಟಡ ಕಾನೂನು ನಿಯಮ ಸಡಿಲಿಸಿತು, ಆ ದಶಕದ ಕೊನೆಗೆ ಔಷಧಿ ಹಾಕದ ಪೈನ್ ಮರದ ಚೌಕಟ್ಟಿಗೂ ಒಪ್ಪಿಗೆ ಸಿಕ್ಕಿತು. ಸಜ್ಜಾ ಇಲ್ಲದ, ಹೊರಗೆ ಪ್ಲಾಸ್ಟರ್ ಮೆತ್ತಿದ ಮನೆಗಳ ಗೋಡೆಯೊಳಗೆ ಮಳೆನೀರು ಇಳಿದು ಮರವೇ ಕೊಳೆಯಿತು. 2009ರ ಒಂದು ಅಂದಾಜಿನಲ್ಲಿ ಅಂಥ ಮನೆಗಳು ಸುಮಾರು 42,000, ಸರಿಪಡಿಸುವ ಖರ್ಚು 1,130 ಕೋಟಿ ನ್ಯೂಜಿಲೆಂಡ್ ಡಾಲರ್. ಬಿಲ್ಡರ್‌ಗಳ ಲೈಸೆನ್ಸ್ ಪದ್ಧತಿ 2007ರಲ್ಲಿ ಶುರುವಾಗಿದ್ದು ಆ ಪೆಟ್ಟು ತಿಂದ ಮೇಲೆ. ಇನ್ನೊಂದು ಮಾತು: ಹಿತ್ತಲಿನ ಮರದ ಮನೆಯೇ ಬೇರೆ, 30×40ರಲ್ಲಿ ಏಳುವ ಮೂರಂತಸ್ತಿನ ಆರ್‌ಸಿಸಿ ಮನೆಯೇ ಬೇರೆ. ಊರಿನ ಮನೆಗೆ ಇಲ್ಲಿನಷ್ಟು ಸಡಿಲಿಕೆ ಕೊಡಿ ಎಂದು ನಾನು ಕೇಳಲಾರೆ. ಅಲ್ಲಿಗೆ ಎಂಜಿನಿಯರ್ ಬೇಕೇ ಬೇಕು, ಸೀಲು ಮಾತ್ರ ಬಂದರೆ ಸಾಲದು.

ತಳಪಾಯಕ್ಕೆ ಒಮ್ಮೆ, ಪ್ರತಿ ಮೋಲ್ಡಿಗೆ ಮುಂಚೆ ಒಮ್ಮೆ ಎಂಜಿನಿಯರ್ ಸೈಟಿಗೆ ಬಂದು ಕಂಬಿ ನೋಡಿ ಸಹಿ ಹಾಕಲಿ. ಸಣ್ಣ ಮನೆಗೆ ಉಳಿದ ಕಚೇರಿ ಅಲೆದಾಟವನ್ನೆಲ್ಲ ಬಿಟ್ಟುಬಿಡಲಿ. ಮೇಸ್ತ್ರಿಗಳಿಗೆ ತರಬೇತಿ ಕೊಟ್ಟು, ಅವರ ಹೆಸರನ್ನೂ ಸರ್ಕಾರದ ಪಟ್ಟಿಗೆ ಸೇರಿಸಲಿ. ತಮ್ಮನಿಗೂ ಇದನ್ನೇ ಹೇಳಿದ್ದೇನೆ: ಬೇರೆ ಎಂಜಿನಿಯರ್ ಬಂದು ಕಂಬಿ ನೋಡುವವರೆಗೆ ಕಾಂಕ್ರೀಟ್ ಸುರಿಸಬೇಡ, ಆ ಫೀಸು ನಾನು ಕಳಿಸುತ್ತೇನೆ.