ಒಂಬತ್ತು ಕಿಂಡಿಯ ಪೆಟ್ಟಿಗೆ

ಉಡುಪಿಯಲ್ಲಿ ಕೃಷ್ಣನ ದರ್ಶನ ಆಗುವುದು ನವಗ್ರಹ ಕಿಂಡಿಯ ಒಂಬತ್ತು ತೂತುಗಳಿಂದ. ಪುಣೆಯ ಔಂಧ್, ಬಾಣೇರ್, ಕೋಥರೂಡ್ ಕಡೆ ನೆಲೆಸಿದ ನಮ್ಮವರ ಕೆಲವು ಮನೆಗಳಲ್ಲೂ ಈಗ ಅಂಥದೇ ಒಂದು ಸೇವೆ ಶುರುವಾಗಿದೆ. ಹಾಲ್‌ನಲ್ಲಿ, ಹಾಡಿನ ಫೈಲುಗಳನ್ನು ಕೂಡಿಟ್ಟು ನುಡಿಸುವ ಮ್ಯೂಸಿಕ್ ಸರ್ವರ್ ಎಂಬ ದಪ್ಪ ಅಲ್ಯೂಮಿನಿಯಂ ಪೆಟ್ಟಿಗೆಯ ಪ್ರತಿಷ್ಠಾಪನೆಯಾಗಿದೆ. ಎದುರಿಗೆ ಒಂದು ಸಣ್ಣ ದೀಪ, ಅಷ್ಟೇ. ಮನೆಗೆ ಬಂದವರು ಚಪ್ಪಲಿ ಬಿಡುವಷ್ಟರಲ್ಲೇ ಯಜಮಾನರು "ಮುಂದ ಏನೈತ್ರಿ ನೋಡಾಕ? ಹಿಂದ ಬರ್ರಿ" ಎಂದು ಟಾರ್ಚ್ ಹಿಡಿದು ಗೋಡೆಯ ಸಂದಿಗೆ ಕರೆದೊಯ್ಯುತ್ತಾರೆ. ಬಗ್ಗಿ ಎಣಿಸಿದರೆ ಅಲ್ಲಿಯೂ ಒಂಬತ್ತು: ಯುಎಸ್‌ಬಿ, ಕೋಆಕ್ಸಿಯಲ್ ಆರ್‌ಸಿಎ, ಬಿಎನ್‌ಸಿ, ಆಪ್ಟಿಕಲ್, ಮೂರು ಪಿನ್ನಿನ ಎಇಎಸ್, ಎಚ್‌ಡಿಎಂಐ ವೇಷ ಹಾಕಿದ ಐ2ಎಸ್, ಈಥರ್ನೆಟ್, ಫೈಬರ್ ಸಿಕ್ಕಿಸುವ ಎಸ್‌ಎಫ್‌ಪಿ, ಕೊನೆಗೆ ಅಂಕಿಗಳಿಗೆ ತಾಳ ಹಾಕುವ ಹೊರಗಿನ ಗಡಿಯಾರಕ್ಕೊಂದು ಕಿಂಡಿ. ಉಡುಪಿಯಲ್ಲಿ ಕಿಂಡಿಗೆ ಬೆಳ್ಳಿ ಕವಚ. ಇಲ್ಲಿ ಕಿಂಡಿಗೆ ಚುಚ್ಚುವ ವೈರಿಗೆ ಬೆಳ್ಳಿ.

ಇಷ್ಟು ಬಾಗಿಲುಗಳಿಂದ ಹೊರಡುವ ಸರಕಾದರೂ ಎಷ್ಟು? ಸಿಡಿ ಗುಣಮಟ್ಟದ ಹಾಡೆಂದರೆ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್. ಬಹಳ ಶ್ರೀಮಂತಿಕೆಯ 24 ಬಿಟ್, 192 ಕಿಲೋಹರ್ಟ್ಸ್ ಫೈಲಾದರೆ 92 ಲಕ್ಷ. ಇಪ್ಪತ್ತು ವರ್ಷಕ್ಕೂ ಹಳೆಯ ಯುಎಸ್‌ಬಿ 2.0 ಕಿಂಡಿಯೊಂದಕ್ಕೇ ಸೆಕೆಂಡಿಗೆ 48 ಕೋಟಿ ಬಿಟ್ಟಿನ ಬಾಯಿದೆ. ಒಂದು ತಂಬಿಗೆ ನೀರಿಗೆ ಖಡಕವಾಸ್ಲಾ ಅಣೆಕಟ್ಟಿನಿಂದ ಕಾಲುವೆ ತೋಡಿಸಿದ ಹಾಗೆ, ಅದೂ ಒಂಬತ್ತು ಕಾಲುವೆ. ಯಾಕೆಂದರೆ ಪೆಟ್ಟಿಗೆಯನ್ನು ಒಂದೇ ಸಲ ಮಾರಬಹುದು, ವೈರನ್ನು ಒಂಬತ್ತು ಸಲ.

ಕಿಂಡಿಗಳ ನಡುವೆ ನಿಜವಾದ ವ್ಯತ್ಯಾಸ ಇಲ್ಲವೆಂದಲ್ಲ. ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಕೋಆಕ್ಸಿಯಲ್, ಆಪ್ಟಿಕಲ್, ಎಇಎಸ್ ಮೂರೂ ಎಲೆ ಖಾಲಿಯಿದೆಯೋ ತುಂಬಿದೆಯೋ ನೋಡದೆ ತನ್ನ ವೇಗಕ್ಕೆ ಬಡಿಸುತ್ತಾ ಹೋಗುವವನಂತೆ. ಗಡಿಯಾರ ಸರ್ವರಿನದು, ಅಂಕಿಗಳ ಜೊತೆಗೇ ಬೆರೆತು ಬರುತ್ತದೆ. ಅದನ್ನು ಹೆಕ್ಕಿ ತೆಗೆದು ತಾಳ ಹಿಡಿಯುವ ಪಾಡು, ಅಂಕಿಗಳನ್ನು ಸ್ಪೀಕರಿಗೆ ಬೇಕಾದ ಸಂಕೇತವಾಗಿಸುವ ಡ್ಯಾಕ್‌ನದು. ಅಸಿಂಕ್ರೊನಸ್ ಯುಎಸ್‌ಬಿಯಲ್ಲಿ ಉಣ್ಣುವವನೇ "ಇಷ್ಟು ಹಾಕ್ರಿ, ಈಗ ಸಾಕ್ರಿ" ಅನ್ನುತ್ತಾನೆ. ಗಡಿಯಾರ ಡ್ಯಾಕ್‌ನೊಳಗೇ ಇರುತ್ತದೆ. ಆದರೆ ಯುಎಸ್‌ಬಿ ವೈರಿನಲ್ಲಿ ಅಂಕಿಗಳ ಜೊತೆ 5 ವೋಲ್ಟ್ ಕರೆಂಟೂ ಗ್ರೌಂಡೂ ಹೋಗುವುದರಿಂದ ಸರ್ವರಿನ ಒಳಗಿನ ಗದ್ದಲವೂ ಬಿಟ್ಟಿಯಾಗಿ ಡ್ಯಾಕ್‌ಗೆ ಇಳಿಯಬಹುದು. ಆಪ್ಟಿಕಲ್‌ನಲ್ಲಿ ಆ ರಗಳೆ ಇಲ್ಲ, ಬೆಳಕಿಗೆ ಗ್ರೌಂಡ್ ಎಲ್ಲಿಂದ ಬಂತು? ಅದರ ದೋಷಗಳು ಬೇರೆ. ಪ್ಲಾಸ್ಟಿಕ್ ಎಳೆಯನ್ನು ಚೂಪಾಗಿ ಬಗ್ಗಿಸಿದರೆ, ಅಥವಾ 192ರ ಫೈಲು ಹಾಕಿದರೆ, ಟಕ್ ಟಕ್ ಸದ್ದು, ಇಲ್ಲವೇ ಪೂರ್ತಿ ಮೌನ. ಪೂರ್ತಿ ಮೌನಕ್ಕೆ ಇನ್ನೊಂದು ಕಾರಣವೂ ಉಂಟು: ತುದಿಯ ಪುಟ್ಟ ಪ್ಲಾಸ್ಟಿಕ್ ಟೊಪ್ಪಿಗೆ ತೆಗೆದಿರುವುದಿಲ್ಲ.

ಕೋಆಕ್ಸಿಯಲ್‌ಗೆ ಬೇಕಾದದ್ದು 75 ಓಂ ವೈರು. ಎಲೆಕ್ಟ್ರಿಕ್ ಸಾಮಾನಿನ ಟಾಪ್ಕೀರ್ ಗಲ್ಲಿಯಲ್ಲಿ ಸಿಸಿಟಿವಿಯವರು ಒಯ್ಯುವ ಆರ್‌ಜಿ-59 ಒಂದು ಮೀಟರ್, ಎರಡು ತುದಿಗೆ ಎರಡು ಕನೆಕ್ಟರು, ಮುಗಿಯಿತು. ಎಇಎಸ್‌ಗೆ 110 ಓಂ. ಅಷ್ಟೇ ವಿಷಯ. ಆದರೆ ಇದನ್ನು ಹೇಳಿದವನಿಗೆ ಆ ಮನೆಯಲ್ಲಿ ಎರಡನೇ ಸಲ ಚಹಾ ಸಿಗುವುದಿಲ್ಲ.

ಅತಿ ಹೆಚ್ಚು ಕಾಯಿ ಒಡೆಯುವುದು ಐ2ಎಸ್ ಸನ್ನಿಧಿಯಲ್ಲಿ. ಫಿಲಿಪ್ಸ್ ಕಂಪನಿ 1986ರಲ್ಲಿ ಇದನ್ನು ರೂಪಿಸಿದ್ದು ಒಂದೇ ಬೋರ್ಡಿನ ಮೇಲೆ ಒಂದು ಚಿಪ್ಪು ಪಕ್ಕದ ಚಿಪ್ಪಿನ ಜೊತೆ ಮಾತಾಡಲಿ ಅಂತ. ಕೆಲವು ಇಂಚುಗಳ ಸಂಸಾರ. ಬಿಟ್ ಕ್ಲಾಕ್, ಎಡ-ಬಲ ಹೇಳುವ ಗೆರೆ, ಡೇಟಾ, ಇವು ಮೂರೂ ಬೇರೆಬೇರೆ ತಂತಿಯಲ್ಲಿ ಹೋಗುವುದರಿಂದ ಗಡಿಯಾರವನ್ನು ಹೆಕ್ಕುವ ಕೆಲಸ ತಪ್ಪುತ್ತದೆ ಎಂಬುದು ನಿಜವೇ. ಈಗ ಆ ಅಡುಗೆಮನೆಯ ಪಿಸುಮಾತನ್ನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಎಚ್‌ಡಿಎಂಐ ವೈರಿನಲ್ಲಿ ಕಳಿಸುತ್ತಾರೆ. ಎಚ್‌ಡಿಎಂಐ ಇಲ್ಲಿ ಬರೀ ಅಂಗಿ, ಮೈ ಬೇರೆ: ಟಿವಿಗೆ ಚುಚ್ಚಿದರೆ ಚಿತ್ರವೂ ಇಲ್ಲ, ಸದ್ದೂ ಇಲ್ಲ. ಯಾವ ಪಿನ್ನಿನಲ್ಲಿ ಯಾವ ಗೆರೆ ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ಹಾಗಾಗಿ ಡ್ಯಾಕ್‌ನ ಬೆನ್ನಿಗೆ ಅಕ್ಕಿಕಾಳಿನಷ್ಟು ಸಣ್ಣ ಸ್ವಿಚ್ಚುಗಳು. ಮೂರು ಸ್ವಿಚ್ಚಿದ್ದರೆ ಎಂಟು ಜೋಡಣೆ. ತಪ್ಪಾದರೆ ಸದ್ದೇ ಬರದು, ಅಥವಾ ಭೋರೆಂಬ ಗದ್ದಲ, ಅಥವಾ ಎಡಬಲ ಅದಲುಬದಲು. ಮೊದಲೆರಡು ಪರವಾಗಿಲ್ಲ, ತಿಳಿಯುತ್ತವೆ. ಮೂರನೆಯದಾದರೆ ಬಲಕ್ಕಿದ್ದ ತಬಲಾ ಎಡಕ್ಕೆ ಹೋಗಿ ಕೂತು, ಯಜಮಾನರು ಕಣ್ಣು ಮುಚ್ಚಿ "ಸ್ಟೇಜ್ ಹೆಂಗ ಬಿಚ್ಚಿಕೊಂಡೈತಿ ನೋಡ್ರಿ" ಅನ್ನುತ್ತಾರೆ. ಬಿಚ್ಚಿಕೊಂಡಿಲ್ಲ ರೀ, ಮಗುಚಿಕೊಂಡಿದೆ.

ಇನ್ನು ಒಂಬತ್ತನೆಯ ಕಿಂಡಿ. ಅದಕ್ಕೆ 10 ಮೆಗಾಹರ್ಟ್ಸ್‌ನ ಪ್ರತ್ಯೇಕ ಗಡಿಯಾರ, ಅದಕ್ಕೆ ಪ್ರತ್ಯೇಕ ಪವರ್ ಸಪ್ಲೈ, ಅದಕ್ಕೆ ಪ್ರತ್ಯೇಕ ಸ್ಟ್ಯಾಂಡು. ಸಿಡಿಯ 44.1 ಕಿಲೋಹರ್ಟ್ಸ್ ಜಾತಿಯ ಹಾಡಿಗೆ ಡ್ಯಾಕ್‌ನೊಳಗೆ ಸಾಮಾನ್ಯವಾಗಿ ಬೇಕಾಗುವುದು 22.5792 ಮೆಗಾಹರ್ಟ್ಸ್, 48 ಕಿಲೋಹರ್ಟ್ಸ್ ಜಾತಿಗೆ 24.576. ಹತ್ತನ್ನು ಯಾವ ಪೂರ್ಣಸಂಖ್ಯೆಯಿಂದ ಗುಣಿಸಿದರೂ ಇವೆರಡೂ ಹುಟ್ಟುವುದಿಲ್ಲ. ಆದ್ದರಿಂದ ಒಳಗೆ ಇನ್ನೊಂದು ಸರ್ಕ್ಯೂಟ್ ಕೂತು ಹತ್ತರಿಂದ ಅವನ್ನು ಹೊಸದಾಗಿ ತಯಾರಿಸಬೇಕು. ಅಷ್ಟೆಲ್ಲ ಮಾಡಿ ಹಾಡನ್ನು ಕಳಿಸುವುದು ಯುಎಸ್‌ಬಿಯಲ್ಲಾದರೆ ಡ್ಯಾಕ್ ನೋಡುವುದು ತನ್ನ ಗಡಿಯಾರವನ್ನೇ. ಪಕ್ಕದ ಮನೆಯ ಗೋಡೆಗೆ ಚಿನ್ನದ ಗಡಿಯಾರ ತೂಗುಹಾಕಿ, ನಮ್ಮನೆಯ ಅನ್ನ ಹದವಾಗಿ ಬೆಂದಿತು ಎಂದ ಹಾಗೆ.

ಎಸ್‌ಎಫ್‌ಪಿ ಭಕ್ತರದು ಇನ್ನೂ ಮಜಾ. ವಿದ್ಯುತ್ ಗದ್ದಲ ದಾಟಬಾರದೆಂದು ನಡುವೆ ಗಾಜಿನ ಎಳೆ ಹಾಕುತ್ತಾರೆ. ಒಳ್ಳೆಯದೇ. ಎರಡೂ ತುದಿಯ ಮಾಡ್ಯೂಲು ಒಂದೇ ವೇಗ, ಒಂದೇ ಮೋಡಿನದಿದ್ದರೆ ಸಂಪರ್ಕದ ದೀಪವೂ ಹತ್ತುತ್ತದೆ. ಆಮೇಲೆ ಫೈಬರನ್ನು ಮತ್ತೆ ತಾಮ್ರವಾಗಿಸುವ ಕನ್ವರ್ಟರಿನ ಅಗ್ಗದ ಅಡಾಪ್ಟರನ್ನು ಡ್ಯಾಕ್ ಇರುವ ಸ್ಪೈಕ್ ಬಸ್ಟರಿಗೇ ಚುಚ್ಚುತ್ತಾರೆ. ಮುಂಬಾಗಿಲಿಗೆ ಮಡಿ, ಹಿತ್ತಿಲಿಗೆ ಮುಸುರೆ.

ಇಷ್ಟೆಲ್ಲ ಸಿದ್ಧತೆಯಾದ ಮೇಲೆ ಹಾಡಿಸುವುದು ಯಾರನ್ನು? ನಮ್ಮವರಲ್ಲವೇ, ಕುಂದಗೋಳದ ಸವಾಯಿ ಗಂಧರ್ವರನ್ನೇ. ಅವರು ಹಾಡಿದ್ದು 78 ಆರ್‌ಪಿಎಂ ತಟ್ಟೆಗೆ, ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಅಂಥ ತಟ್ಟೆಯಲ್ಲಿ ಎಂಟು ಕಿಲೋಹರ್ಟ್ಸ್‌ನಾಚೆ ಉಳಿದಿರುವುದು ಹೆಚ್ಚಾಗಿ ಮುಳ್ಳು ಕೆರೆದ ಸದ್ದೇ. ಅದನ್ನು ಸರ್ವರಿನಲ್ಲಿ ಭಾರೀ ವೇಗದ ಡಿಜಿಟಲ್ ರೂಪವಾದ ಡಿಎಸ್‌ಡಿ 512ಕ್ಕೆ ಏರಿಸುತ್ತಾರೆ, ಅಂದರೆ ಸೆಕೆಂಡಿಗೆ 2 ಕೋಟಿ 25 ಲಕ್ಷಕ್ಕೂ ಮಿಕ್ಕಿ ಸ್ಯಾಂಪಲ್. ಪೆಟ್ಟಿಗೆ ದೋಸೆಕಲ್ಲಿನಂತೆ ಕಾಯುತ್ತದೆ, ಕೆರೆತ ಅತ್ಯಂತ ಪರಿಶುದ್ಧವಾಗಿ ಕೇಳಿಸುತ್ತದೆ. ಆ ಗುರುವಿನ ನೆನಪಿಗೆ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಶುರುಮಾಡಿದ ಉತ್ಸವ ಇದೇ ಪುಣೆಯಲ್ಲಿ ನಡೆಯುತ್ತದೆ. ಅಂಥ ವೇದಿಕೆಗಳಲ್ಲಿ ಮೈಕಿನಿಂದ ಮಿಕ್ಸರಿನವರೆಗೆ ಹತ್ತಾರು ಮೀಟರ್ ಸಾದಾ ವೈರು ಚಾಪೆಯಡಿ ತೆವಳಿಕೊಂಡು ಹೋಗುವುದನ್ನು ನೋಡಿಬಂದವರೇ ಮನೆಯಲ್ಲಿ ಅರ್ಧ ಮೀಟರಿಗೆ ಬೆಳ್ಳಿ ಕೇಳುತ್ತಾರೆ.

ಮಾಡಬೇಕಾದ ಕೆಲಸಗಳು ಮಾತ್ರ ಹಾಗೇ ಬಿದ್ದಿರುತ್ತವೆ. ಸರ್ವರಿನ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್ ಫಿಕ್ಸೆಡ್ ಇಡಬೇಕು, ಎಲ್ಲ ಹಾಡಿನ ಸದ್ದು ಸಮಮಾಡುವ ಆಯ್ಕೆಯನ್ನು ಬಂದ್ ಮಾಡಬೇಕು. ಆಮೇಲೆ ಸಿಡಿಯ ಹಾಡು ಹಾಕಿ ಡ್ಯಾಕ್‌ನ ಮುಖ ನೋಡಬೇಕು: 44.1 ಅಂದರೆ ಸರಿ, 48 ಅಂದರೆ ದಾರಿಯಲ್ಲಿ ಯಾರೋ ಅಂಕಿಗಳನ್ನು ಬದಲಿಸಿದ್ದಾರೆ. ಪುಕ್ಕಟೆ ಕೆಲಸವಾದ್ದರಿಂದ ಯಾರೂ ಮಾಡುವುದಿಲ್ಲ.

ಮತ್ತು ಅರ್ಥ್. ಪೆಟ್ಟಿಗೆ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಅನ್ನುತ್ತದೆ. "ಹೈ ಎಂಡ್ ಅಂದ್ರ ಹಂಗ ರೀ, ಜೀವಂತ ಇರತೈತಿ" ಎಂಬ ವಿವರಣೆ ಬರುತ್ತದೆ. ನಡೆದಿರುವುದು ಇಷ್ಟು: ಪೆಟ್ಟಿಗೆಗೆ ಕರೆಂಟು ಕೊಡುವ ಎಸ್‌ಎಂಪಿಎಸ್‌ನ ಫಿಲ್ಟರಿನಲ್ಲಿ ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಕೆಪಾಸಿಟರ್ ಅರ್ಥಿಗೆ ಬಂದು ಸೇರುತ್ತವೆ. ಗೋಡೆಯಲ್ಲಿ ಅರ್ಥ್ ಇಲ್ಲದಿದ್ದರೆ ಅವೆರಡರ ನಡುವೆ ಸಿಕ್ಕಿಕೊಂಡ ಲೋಹದ ಮೈ 230ರ ಅರ್ಧಕ್ಕೆ, ಅಂದರೆ 115 ವೋಲ್ಟ್ ಆಸುಪಾಸಿಗೆ, ತೇಲುತ್ತದೆ. ಕರೆಂಟು ತೀರಾ ಕಮ್ಮಿ, ಆದರೆ ಹರಿಯುವುದು ಆ ಬೆಳ್ಳಿ ವೈರಿನ ಶೀಲ್ಡಿನಲ್ಲೇ. ಮಲ್ಟಿಮೀಟರ್ ಎಸಿಗೆ ಇಟ್ಟು ತಿಳಿದವರಿಂದ ಸಾಕೆಟ್ ಅಳೆಸಿ. ಫೇಸ್-ನ್ಯೂಟ್ರಲ್ 230 ಇದ್ದರೆ ಫೇಸ್-ಅರ್ಥ್ ಕೂಡ ಹೆಚ್ಚುಕಮ್ಮಿ ಅಷ್ಟೇ ಇರಬೇಕು, ನ್ಯೂಟ್ರಲ್-ಅರ್ಥ್ ಒಂದೆರಡು ವೋಲ್ಟ್. ಮನೆಯಲ್ಲಿ ಲೋಡ್ ಓಡುತ್ತಿರುವಾಗಲೂ ಅದು ಸೊನ್ನೆ ತೋರಿಸಿದರೆ ಖುಷಿಪಡಬೇಡಿ. ಯಾರೋ ಸಾಕೆಟ್ಟಿನೊಳಗೇ ನ್ಯೂಟ್ರಲ್‌ನಿಂದ ತುಂಡು ವೈರು ಎಳೆದು ಅರ್ಥ್ ಪಿನ್ನಿಗೆ ಕಟ್ಟಿರಬಹುದು. ಮುಂದೊಂದು ದಿನ ಆ ನ್ಯೂಟ್ರಲ್ ಕಡಿದರೆ ಪೆಟ್ಟಿಗೆಯ ಮೈಗೆಲ್ಲ ಪೂರ್ತಿ 230.

ಕೊನೆಗೆ ಗುರುವಾರದ ಪವರ್ ಕಟ್ ನೋಡಿಕೊಂಡು ಎಲೆಕ್ಟ್ರಿಷಿಯನ್ ಬರುತ್ತಾನೆ. ಸಾಕೆಟ್ ಬಿಚ್ಚಿದರೆ ಮೂರನೆಯ ಪಿನ್ನಿಗೆ ಏನನ್ನೂ ಕಟ್ಟಿಲ್ಲ. ಮನೆಯ ಸ್ವಿಚ್ಚು-ಫ್ಯೂಸುಗಳ ಡಿಬಿ ಪೆಟ್ಟಿಗೆಯಿಂದ 1.5 ಚದರ ಮಿಲಿಮೀಟರಿನ ಹಸಿರು ವೈರು ಎಳೆಯಬೇಕು, ಹದಿನೈದು ಮೀಟರ್ ಸಾಕು ಅನ್ನುತ್ತಾನೆ. ಯಜಮಾನರು ಟಾರ್ಚ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ಯೋಚಿಸುತ್ತಾರೆ.

"ಆ ಹಸರ ವೈರು ಬೆಳ್ಳೀದು ಸಿಗತೈತೇನ್ರಿ?"